ಮೂರು ಪೆಟ್ಟಿಗೆ, ಇಪ್ಪತ್ತು ಕಿಲೋ: ಕಲಬುರಗಿಯ ಒಂದು ಪ್ರವಾಸಿ ಬೈಕಿನ ಪ್ರಕರಣ

ಹಿನ್ನೆಲೆ

ಈ ಪ್ರಕರಣದ ಸವಾರರು ಕಲಬುರಗಿ ನಗರದಲ್ಲಿ ನೆಲೆಸಿರುವ, ನಲವತ್ತರ ಆಸುಪಾಸಿನ ಒಬ್ಬ ಸರ್ಕಾರಿ ನೌಕರರು. ಗುರುತು ಸಿಗಬಾರದೆಂಬ ಕಾರಣಕ್ಕೆ ಅವರ ಹೆಸರನ್ನೂ ಇಲಾಖೆಯನ್ನೂ ಬೈಕಿನ ಕಂಪನಿಯನ್ನೂ ಇಲ್ಲಿ ಬಿಟ್ಟಿದ್ದೇನೆ. ಬೈಕು ಒಂಟಿ ಸಿಲಿಂಡರಿನ, ದೂರದ ಪ್ರಯಾಣಕ್ಕೆಂದೇ ಮಾರುವ ಬಗೆಯದು. ಆರು ವರ್ಷಗಳಲ್ಲಿ ಅವರು ಅದರ ಮೇಲೆ ಒಬ್ಬರೇ ಬೀದರ್ ಕೋಟೆ, ಬಸವಕಲ್ಯಾಣ, ಮಳಖೇಡ, ಸನ್ನತಿ, ಚಿಂಚೋಳಿಯ ಕಾಡು ಎಲ್ಲವನ್ನೂ ಸುತ್ತಿದ್ದರು. ಆಗೆಲ್ಲ ಹಿಂದಿನ ಸೀಟಿಗೆ ಒಂದು ಬ್ಯಾಗನ್ನು ಕೊಕ್ಕೆಯ ರಬ್ಬರ್ ಹಗ್ಗದಿಂದ ಬಿಗಿದರೆ ಸಾಕಾಗುತ್ತಿತ್ತು, ಜಾಗದ ಪ್ರಶ್ನೆಯೇ ಏಳುತ್ತಿರಲಿಲ್ಲ.

ಮಕ್ಕಳು ಹಾಸ್ಟೆಲ್ ಸೇರಿದ ವರ್ಷ ಪತ್ನಿಯೂ ಜೊತೆಗೆ ಹೊರಡಲು ಒಪ್ಪಿದರು. ಡಿಸೆಂಬರಿನಲ್ಲಿ ಒಂಬತ್ತು ದಿನ, ವಿಜಯಪುರ, ಬಾದಾಮಿ, ಹೊಸಪೇಟೆ, ಚಿಕ್ಕಮಗಳೂರು ಎಂದು ಸುಮಾರು 1,500 ಕಿಲೋಮೀಟರಿನ ಯೋಜನೆ ಸಿದ್ಧವಾಯಿತು. ಬ್ಯಾಗು ಕೂರುತ್ತಿದ್ದ ಸೀಟಿನಲ್ಲಿ ಈಗ ಒಬ್ಬರು ಕೂರಬೇಕಾಗಿತ್ತು, ಸಾಮಾನು ಮಾತ್ರ ಎರಡು ಪಟ್ಟಾಗಿತ್ತು. ಹೀಗೆ ಶುರುವಾದ ಕೆಲಸದಲ್ಲಿ ನಾನು ಸಲಹೆಗಾರನಾಗಿ ಸೇರಿಕೊಂಡೆ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವನು ಮತ್ತು ಅದೇ ಓಣಿಯವನು ಎಂಬುದಷ್ಟೇ ನನಗಿದ್ದ ಅರ್ಹತೆ. ಮೊದಲ ತಪ್ಪಿನಲ್ಲಿ ನನ್ನದೂ ಪಾಲಿದೆ ಎಂಬುದನ್ನು ಮುಂಚೆಯೇ ಹೇಳಿಬಿಡುತ್ತೇನೆ.

ಮೊದಲ ಪ್ರಯತ್ನಗಳು

ಮೊದಲು ಕೊಂಡದ್ದು ಸೀಟಿನ ಮೇಲೆ ಅಡ್ಡಲಾಗಿ ಹಾಕುವ ಬಟ್ಟೆಯ ಸ್ಯಾಡಲ್ ಬ್ಯಾಗ್. ಕೆಳಗೆ ಅದನ್ನು ದೂರ ಹಿಡಿಯುವ ಕಂಬಿ ಇಲ್ಲದ್ದರಿಂದ ಬಲಗಡೆಯ ಚೀಲ ಜೋತು ಸೈಲೆನ್ಸರಿಗೆ ತಾಗಿತು, ಶಹಾಬಾದ್ ತಲುಪುವಷ್ಟರಲ್ಲಿ ಅಂಗೈಯಗಲದ ತೂತು ಬಿದ್ದಿತ್ತು. ಚೀಲಕ್ಕೆ ಆಧಾರ ಕೊಡಬೇಕು ಎಂಬ ಸರಳ ಪಾಠವನ್ನು ಅದರಿಂದ ಕಲಿಯಬಹುದಾಗಿತ್ತು. ನಾವು ಕಲಿತದ್ದು ಬೇರೆಯೇ ಆಯಿತು: ಬಟ್ಟೆ ನಂಬಿಕೆಗೆ ಅರ್ಹವಲ್ಲ, ಲೋಹದ ಪೆಟ್ಟಿಗೆಯೇ ಆಗಬೇಕು ಎಂದು ತೀರ್ಮಾನಿಸಿದೆವು. ಇಡೀ ಪ್ರಕರಣ ದಾರಿ ತಪ್ಪಿದ್ದು ಈ ತೀರ್ಮಾನದಿಂದ ಎಂದು ಈಗ ನನಗನ್ನಿಸುತ್ತದೆ.

ನಗರದ ಅಂಚಿನ ಕೈಗಾರಿಕಾ ಪ್ರದೇಶದಲ್ಲಿರುವ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಕೊಳವೆಯ ಚೌಕಟ್ಟನ್ನು ಮಾಡಿಸಿದೆವು. ಎರಡು ಬದಿಗೆ ತಲಾ 36 ಲೀಟರಿನ ಅಲ್ಯುಮಿನಿಯಂ ಪೆಟ್ಟಿಗೆ, ಹಿಂದೆ 45 ಲೀಟರಿನ ಟಾಪ್ ಬಾಕ್ಸ್, ಒಟ್ಟು 117 ಲೀಟರ್ ಜಾಗ. ಪತ್ನಿಗೆ ಕೂರಲು ಇಕ್ಕಟ್ಟಾಗದಿರಲಿ ಎಂದು ಟಾಪ್ ಬಾಕ್ಸನ್ನು ಸಾಧ್ಯವಾದಷ್ಟು ಹಿಂದಕ್ಕೆ ಸರಿಸಲು ಹೇಳಿದವನು ನಾನೇ. ಅಂಗಡಿಯವರು ಕೆಲಸದಲ್ಲಿ ಪಳಗಿದವರು, ಬೆಸುಗೆಯ ಗೆರೆ ನೋಡಲು ಅಂದವಾಗಿಯೇ ಇತ್ತು. ಗಟ್ಟಿಯಾಗಿದೆಯೇ ಎಂದು ಕೇಳಿದಾಗ ಅವರು ತಮ್ಮ ಹುಡುಗನನ್ನೇ ಚೌಕಟ್ಟಿನ ಮೇಲೆ ನಿಲ್ಲಿಸಿ, “ನೋಡ್ರಿ ಸರ್, ಒಬ್ಬ ಮನಷ್ಯಾ ನಿಂತರೂ ಅಲ್ಲಾಡಂಗಿಲ್ಲ” ಎಂದರು. ನಾನೂ ತಲೆಯಾಡಿಸಿದೆ. ನಿಂತ ಬೈಕಿನ ಮೇಲೆ ನಿಂತ ಮನುಷ್ಯನ ಭಾರ ಒಂದು ಬಗೆ. ಒಂಟಿ ಸಿಲಿಂಡರ್ ಎಂಜಿನ್ ನಿಮಿಷಕ್ಕೆ ಸಾವಿರಾರು ಸಲ ನಡುಗಿಸುತ್ತಿರುವಾಗ, ಗುಂಡಿಗೆ ಬಿದ್ದ ಚಕ್ರ ಒಂದೇ ಏಟಿಗೆ ಕೆಳಗೆಳೆಯುವ ಭಾರ ಇನ್ನೊಂದು ಬಗೆ. ಲೋಹ ದಣಿಯುತ್ತದೆ ಎಂದು ತರಗತಿಯಲ್ಲಿ ಪರೀಕ್ಷೆಗಾಗಿ ಓದಿದ್ದ ನಾನು ಆ ಹುಡುಗ ನಿಂತದ್ದನ್ನು ಕಂಡು ಸಮಾಧಾನಪಟ್ಟುಕೊಂಡೆ.

ಅಲ್ಲಿ ಇನ್ನೂ ಎರಡು ಸಂಗತಿಗಳು ನಮ್ಮ ಗಮನ ತಪ್ಪಿದವು. ಎಡಗಡೆಯ ಪೆಟ್ಟಿಗೆ ಬೈಕಿಗೆ ಅಂಟಿಕೊಂಡು ಕೂರಲೆಂದು ಅಂಗಡಿಯವರು ಸೀರೆ ಗಾರ್ಡನ್ನು ಬಿಚ್ಚಿ ಬದಿಗಿಟ್ಟಿದ್ದರು. ಎರಡನೆಯದಾಗಿ, ಟಾಪ್ ಬಾಕ್ಸನ್ನು ನಾನು ಹೇಳಿದಷ್ಟು ಹಿಂದಕ್ಕೆ ಸರಿಸಿದರೂ ಅದರ ಮುಚ್ಚಳದ ಅಂಚು ಹಿಂಬದಿ ಸೀಟಿನ ಮೇಲೆ ನಾಲ್ಕು ಬೆರಳಿನಷ್ಟು ಚಾಚಿಕೊಂಡೇ ಇತ್ತು. ಆ ಸೀಟಿನಲ್ಲಿ ಕೂರಬೇಕಾದವರನ್ನು ಅಂಗಡಿಗೆ ಕರೆದೊಯ್ಯುವುದು ಯಾರಿಗೂ ತೋಚಿರಲಿಲ್ಲ.

ಪರೀಕ್ಷಾ ಪ್ರಯಾಣ

ದೊಡ್ಡ ಪ್ರವಾಸಕ್ಕೆ ಮೂರು ವಾರ ಮುಂಚೆ, ಅಷ್ಟೂ ಸಾಮಾನನ್ನು ತುಂಬಿಕೊಂಡು ಹುಮನಾಬಾದ್ ಮೇಲೆ ಬಸವಕಲ್ಯಾಣಕ್ಕೆ ಹೋಗಿ ಬರುವುದೆಂದು ದಂಪತಿ ನಿರ್ಧರಿಸಿದರು. ಈ ಪ್ರಕರಣದಲ್ಲಿ ತೆಗೆದುಕೊಂಡ ಅತ್ಯಂತ ಒಳ್ಳೆಯ ನಿರ್ಧಾರ ಇದೇ. ಖಾಲಿ ಪೆಟ್ಟಿಗೆಯಲ್ಲಿ ಓಡಿಸಿ ನೋಡಿ ನೇರವಾಗಿ ವಿಜಯಪುರದ ದಾರಿ ಹಿಡಿದಿದ್ದರೆ ಮುಂದಿನ ಸಂಗತಿಗಳು ಭೀಮೆಯ ಆಚೆ, ಮನೆಯಿಂದ ನೂರಾರು ಕಿಲೋಮೀಟರ್ ದೂರದಲ್ಲಿ ನಡೆಯುತ್ತಿದ್ದವು.

ನಗರ ದಾಟುವವರೆಗೆ ಬೈಕು ಸ್ವಲ್ಪ ಜಡ ಅನ್ನಿಸಿತೇ ಹೊರತು ಬೇರೇನೂ ಕಾಣಲಿಲ್ಲ. ಕಮಲಾಪುರಕ್ಕೂ ಮುಂಚೆ, ಗಂಟೆಗೆ 75 ಕಿಲೋಮೀಟರಿನ ಸುಮಾರಿಗೆ, ಒಂದು ಲಾರಿಯನ್ನು ಹಿಂದಿಕ್ಕಿ ಅದರ ಮುಂದಕ್ಕೆ ಬಂದ ಗಳಿಗೆಯಲ್ಲಿ ಹ್ಯಾಂಡಲ್ ಹಗುರವಾಗಿ ಇಡೀ ಬೈಕು ಎಡಕ್ಕೂ ಬಲಕ್ಕೂ ಓಲಾಡತೊಡಗಿತು. “ಗಾಡಿ ತಲಿ ಅಲ್ಲಾಡ್ಸಲತದ” ಎಂದು ಅವರು ಆಮೇಲೆ ನನಗೆ ವಿವರಿಸಿದ್ದು. ಅದೃಷ್ಟಕ್ಕೆ ಅವರು ಬ್ರೇಕ್ ಒತ್ತಲಿಲ್ಲ, ಹ್ಯಾಂಡಲನ್ನು ಬಿಗಿಹಿಡಿದು ಜಗ್ಗಾಡಲೂ ಇಲ್ಲ, ಆ್ಯಕ್ಸಿಲರೇಟರನ್ನು ಮೆಲ್ಲಗೆ ಇಳಿಸಿದರು. 60ಕ್ಕೆ ಬಂದಾಗ ಓಲಾಟ ತಾನಾಗಿ ನಿಂತಿತು. ಮುಂದಿನ ದಾರಿಯೆಲ್ಲ ಅದೇ ವೇಗ.

ಮರಳುವಾಗ ಕಮಲಾಪುರದಲ್ಲಿ ನಿಂತು ಎರಡು ಡಜನ್ ಕೆಂಪು ಬಾಳೆಹಣ್ಣು ಕೊಂಡರು. ಆ ಊರಿಗೆ ಹೋಗಿ ಬಾಳೆ ತರದೆ ಬರುವವರು ನಮ್ಮ ಕಡೆ ಕಡಿಮೆ. ಬೇರೆಲ್ಲೂ ಜಾಗವಿಲ್ಲದೆ ಅದನ್ನು ಟಾಪ್ ಬಾಕ್ಸಿಗೇ ತುರುಕಿದರು. ಅಲ್ಲಿಂದ ಕೆಲವೇ ಕಿಲೋಮೀಟರ್ ಮುಂದೆ, ಬಿಳಿ ಪಟ್ಟೆ ಇಲ್ಲದ ಒಂದು ಸ್ಪೀಡ್ ಬ್ರೇಕರಿನ ಮೇಲೆ ಹಿಂದಿನ ಶಾಕ್ ಅಬ್ಸಾರ್ಬರ್ ತಳ ಮುಟ್ಟಿ ‘ಟಕ್’ ಎಂಬ ಸದ್ದಾಯಿತು. ಇಳಿದು ನೋಡಿದರೆ ಎಡಗಡೆಯ ಕೊಳವೆ ಬೆಸುಗೆಯ ಪಕ್ಕದಲ್ಲೇ ಸೀಳಿತ್ತು. ಪೆಟ್ಟಿಗೆ ಒಳಕ್ಕೆ ವಾಲಿ ಚಕ್ರಕ್ಕೆ ಎರಡು ಬೆರಳಿನ ಅಂತರದಲ್ಲಿತ್ತು. ದಾರಿಹೋಕ ರೈತರೊಬ್ಬರು ಕೊಟ್ಟ ನೂಲಿನ ಹಗ್ಗದಿಂದ ಅದನ್ನು ಬಿಗಿದು, ಪತ್ನಿಯನ್ನು ಬಸ್ಸಿಗೆ ಹತ್ತಿಸಿ, ಸವಾರರು ಕತ್ತಲಾದ ಮೇಲೆ ಮನೆ ಮುಟ್ಟಿದರು.

ತೂಕದ ಕಾಂಟಾದ ಮೇಲೆ

ಮರುದಿನ ಅವರ ಮನಸ್ಸಿನಲ್ಲಿದ್ದ ಪರಿಹಾರ ಒಂದೇ: ಇನ್ನೂ ದಪ್ಪ ಕೊಳವೆ ಹಾಕಿಸುವುದು. ಬೆಸುಗೆ ಒಡೆದಿದೆ, ಆದ್ದರಿಂದ ತೊಂದರೆ ಬೆಸುಗೆಯದು ಎಂಬುದು ಯಾರಿಗೂ ಮೊದಲು ಹೊಳೆಯುವ ತರ್ಕ. ಆದರೆ ಓಲಾಟಕ್ಕೂ ಬೆಸುಗೆಗೂ ಸಂಬಂಧವಿರಲಿಲ್ಲ, ಚೌಕಟ್ಟು ಇಡಿಯಾಗಿದ್ದಾಗಲೇ ಬೈಕು ಓಲಾಡಿತ್ತು. ಈ ಒಂದು ಸಂಗತಿ ನಮ್ಮನ್ನು ವೆಲ್ಡಿಂಗ್ ಅಂಗಡಿಯ ಬದಲು ಒಂದು ದಾಲ್ ಮಿಲ್ಲಿಗೆ ಕರೆದೊಯ್ದಿತು.

ತೊಗರಿಯ ಕಣಜ ಎನಿಸಿಕೊಂಡ ಊರಿನಲ್ಲಿ ಚೀಲ ತೂಗುವ ಕಾಂಟಾಗೆ ಕೊರತೆಯಿಲ್ಲ. ಪರಿಚಿತರೊಬ್ಬರ ಮಿಲ್ಲಿನಲ್ಲಿ 300 ಕಿಲೋವರೆಗೆ ತೂಗುವ ಕಾಂಟಾದ ಮೇಲೆ ಒಂದು ಚಕ್ರವನ್ನು ಹತ್ತಿಸಿ, ಇನ್ನೊಂದು ಚಕ್ರದಡಿ ಅಷ್ಟೇ ಎತ್ತರದ ಹಲಗೆ ಇಟ್ಟು, ದಂಪತಿಯನ್ನು ಹೆಲ್ಮೆಟ್, ಜಾಕೆಟ್ ಸಮೇತ ಕೂರಿಸಿ, ಮಿಲ್ಲಿನ ಹಮಾಲರು ಇಬ್ಬರು ಬೈಕು ವಾಲದಂತೆ ಹಿಡಿದುಕೊಂಡಿರಲು, ಎರಡೂ ಚಕ್ರಗಳ ಮೇಲಿನ ಭಾರವನ್ನು ಬೇರೆ ಬೇರೆಯಾಗಿ ಬರೆದುಕೊಂಡೆವು. ಮುಂದಿನ ಚಕ್ರ 114 ಕಿಲೋ, ಹಿಂದಿನದು 278 ಕಿಲೋ. ಒಟ್ಟು 392.

ಬೈಕಿನ ಕೈಪಿಡಿಯನ್ನು ಆರು ವರ್ಷಗಳಲ್ಲಿ ಮೊದಲ ಸಲ ತೆರೆದದ್ದು ಆ ಸಂಜೆ. ಅದರಲ್ಲಿ ನಮೂದಾಗಿದ್ದ ಗರಿಷ್ಠ ಒಟ್ಟು ತೂಕ 360 ಕಿಲೋ, ಪೆಟ್ರೋಲ್ ತುಂಬಿದ ಬೈಕಿನ ತೂಕ 195. ಉಳಿದ 165 ಕಿಲೋದಲ್ಲಿ ಸವಾರಿಯ ಉಡುಪಿನೊಂದಿಗೆ ಇಬ್ಬರ ತೂಕ 145. ಸಾಮಾನಿಗೆಂದು ಈ ಬೈಕಿನಲ್ಲಿ ಉಳಿದದ್ದು ಇಪ್ಪತ್ತೇ ಕಿಲೋ. ನಾವು ಮಾಡಿಸಿದ ಚೌಕಟ್ಟು 8 ಕಿಲೋ, ಬದಿಯ ಎರಡು ಪೆಟ್ಟಿಗೆ 11, ಟಾಪ್ ಬಾಕ್ಸ್ ನಾಲ್ಕೂವರೆ, ಕೂಡಿಸಿದರೆ 23.5 ಕಿಲೋ. ಒಂದು ಅಂಗಿಯನ್ನೂ ಒಳಗಿಡುವ ಮೊದಲೇ ಖಾಲಿ ಪೆಟ್ಟಿಗೆಗಳು ಬೈಕಿನ ಹೊರುವ ಮಿತಿಯನ್ನು ದಾಟಿದ್ದವು. ಅದರ ಮೇಲೆ 28 ಕಿಲೋ ಸಾಮಾನು ಬಿದ್ದಿತ್ತು. 117 ಲೀಟರ್ ಎಂಬ ಲೆಕ್ಕವನ್ನು ತಿಂಗಳುಗಟ್ಟಲೆ ಬಾಯಿಪಾಠ ಮಾಡಿದ್ದ ನಮಗೆ ಇಪ್ಪತ್ತು ಕಿಲೋ ಎಂಬ ಲೆಕ್ಕ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಹಿಂದಿನ ಟೈರಿನ ಬದಿಗೋಡೆಯ ಮೇಲೆ ಅಳತೆಯ ಪಕ್ಕದಲ್ಲೇ 64 ಎಂಬ ಅಂಕಿ ಇತ್ತು. ಅದು ಭಾರದ ಸೂಚ್ಯಂಕ, ಅದರ ಪ್ರಕಾರ ಆ ಟೈರು ನಿಗದಿತ ಗಾಳಿಯೊತ್ತಡದಲ್ಲಿ ಹೊರಬಲ್ಲದ್ದು ಹೆಚ್ಚೆಂದರೆ 280 ಕಿಲೋ. ನಮ್ಮ ಹಿಂದಿನ ಚಕ್ರ 278ರಲ್ಲಿತ್ತು, ಗಾಳಿಯಾದರೋ ಒಬ್ಬರೇ ಓಡಾಡುವಾಗಿನ ಒತ್ತಡದಲ್ಲೇ ಉಳಿದಿತ್ತು. ಕಮಲಾಪುರದ ಬಾಳೆ ಸೇರಿದ ಮೇಲೆ ಆ ಮಿತಿಯೂ ದಾಟಿರಬೇಕು.

ಓಲಾಟದ ಕಾರಣವೂ ಅದೇ ಅಂಕಿಗಳಲ್ಲಿ ಸಿಕ್ಕಿತು. ಪೆಟ್ಟಿಗೆಗಳನ್ನು ಇಳಿಸಿ ಬರೀ ಚೌಕಟ್ಟಿನೊಂದಿಗೆ ತೂಗಿದಾಗ ಮುಂದಿನ ಚಕ್ರದ ಮೇಲೆ 119, ಹಿಂದಿನದರ ಮೇಲೆ 229 ಕಿಲೋ ಇತ್ತು. ಅಂದರೆ ಪೆಟ್ಟಿಗೆ ಏರಿಸಿದಾಗ ಬೈಕಿನ ಒಟ್ಟು ಭಾರ ಹೆಚ್ಚಿದರೂ ಮುಂದಿನ ಚಕ್ರದ ಭಾರ ಐದು ಕಿಲೋ ಇಳಿದಿತ್ತು. ಇದು ಮಕ್ಕಳ ಏರಿಳಿಯುವ ಹಲಗೆಯ (ಸೀಸಾ) ಆಟ: ಹಿಂದಿನ ಚಕ್ರದ ಅಚ್ಚು ನಡುವಿನ ಆಧಾರವಾದರೆ, ಅದಕ್ಕೂ ಹಿಂದೆ ತೂಗುವ ಯಾವ ಭಾರವೂ ಮುಂದಿನ ತುದಿಯನ್ನು ಎತ್ತುತ್ತದೆ. ತುಂಬಿದ ಟಾಪ್ ಬಾಕ್ಸ್ 14.5 ಕಿಲೋ, ಅದರ ನಡುಭಾಗ ಅಚ್ಚಿಗಿಂತ 350 ಮಿಲಿಮೀಟರ್ ಹಿಂದೆ, ಎರಡು ಚಕ್ರಗಳ ನಡುವಿನ ಅಂತರ 1,400 ಮಿಲಿಮೀಟರ್. ಲೆಕ್ಕ ಹಾಕಿದರೆ ಆ ಒಂದು ಪೆಟ್ಟಿಗೆ ಹಿಂದಿನ ಚಕ್ರದ ಮೇಲೆ ಹದಿನೆಂಟು ಕಿಲೋ ಹೇರಿ, ಮುಂದಿನ ಚಕ್ರದಿಂದ ಮೂರೂವರೆ ಕಿಲೋ ಕಸಿಯುತ್ತಿತ್ತು. ಅಷ್ಟು ಎತ್ತರದಲ್ಲಿ, ಅಷ್ಟು ಹಿಂದೆ ಇದ್ದ ಪೆಟ್ಟಿಗೆಗೆ ಲಾರಿಯ ಮುಂದಿನ ಗಾಳಿಯ ಹೊಡೆತ ತಗುಲಿದಾಗ, ಹಗುರಗೊಂಡಿದ್ದ ಮುಂದಿನ ಚಕ್ರಕ್ಕೆ ಬೈಕನ್ನು ತಡೆದು ನಿಲ್ಲಿಸುವ ಹಿಡಿತ ಸಾಲಲಿಲ್ಲ. ಟಾಪ್ ಬಾಕ್ಸನ್ನು ಹಿಂದಕ್ಕೆ ಸರಿಸಲು ಹೇಳಿದ ನನ್ನ ಸಲಹೆ ಎಂಥದ್ದೆಂದು ಆ ಕಾಂಟಾದ ಮುಂದೆ ನಿಂತಾಗ ತಿಳಿಯಿತು.

ಹಿಂದೆ ಕೂತವರ ಮಾತು

ತೂಕ ಮುಗಿದ ಮೇಲೆ ಪತ್ನಿ ಹೇಳಿದ ಮಾತುಗಳನ್ನು ಈ ಬರಹಕ್ಕಾಗಿ ಅವರ ಒಪ್ಪಿಗೆ ಪಡೆದು ದಾಖಲಿಸುತ್ತಿದ್ದೇನೆ. “ಪೆಟ್ಟಿಗಿ ಬೆನ್ನಿಗಿ ಒತ್ತಲತಿತ್ತು, ಅದಕ್ಕ ಮುಂದ ಸರದು ಕುಂತಿದ್ದೆ. ಇವ್ರು ಟ್ಯಾಂಕಿನ ಮ್ಯಾಲೇ ಕುಂತಂಗ ಆಗಿತ್ತು. ಕಾಲಿಡ್ಲಿಕ್ಕ ಹೋದ್ರ ಮಡಾ (ಹಿಮ್ಮಡಿ) ಪೆಟ್ಟಿಗಿಗಿ ಬಡೀಲತಿತ್ತು. ಕೇಳಿದ್ರ ಮೊದಲೇ ಹೇಳ್ತಿದ್ದೆ, ಯಾರೂ ಕೇಳ್ಲಿಲ್ಲ.” ದುಪ್ಪಟ್ಟಾ ಎರಡು ಸಲ ಚಕ್ರದ ಕಡೆಗೆ ಹಾರಿತ್ತೆಂದೂ ಅವರೇ ಹೇಳಿದರು. ಆಗಲೇ ಸೀರೆ ಗಾರ್ಡ್ ಇಲ್ಲದ್ದು ನಮ್ಮ ಕಣ್ಣಿಗೆ ಬಿದ್ದದ್ದು. ಅದು ಅಲಂಕಾರದ ಕಂಬಿಯಲ್ಲ. ಹಿಂಬದಿ ಸವಾರರ ಬಟ್ಟೆ ಸಿಲುಕದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಾಗದಂತೆ ಮುಚ್ಚುವ ರಕ್ಷಣೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ ಹೇಳುತ್ತದೆ.

ಅದೇ ನಿಯಮಗಳಿಗೆ 2020ರಲ್ಲಿ ಬಂದ ತಿದ್ದುಪಡಿ ಬೈಕಿಗೆ ಹಾಕುವ ಹಗುರ ಪೆಟ್ಟಿಗೆಯ ಬಗ್ಗೆಯೂ ಮಾತಾಡುತ್ತದೆ: ಉದ್ದ 550, ಅಗಲ 510, ಎತ್ತರ 500 ಮಿಲಿಮೀಟರ್ ಮೀರಬಾರದು, ಪೆಟ್ಟಿಗೆ ಹಿಂಬದಿ ಸೀಟಿನ ಜಾಗದಲ್ಲಿದ್ದರೆ ಸವಾರರೊಬ್ಬರೇ ಹೋಗಬೇಕು, ಆ ಜಾಗದ ಹಿಂದಿದ್ದರೆ ಇನ್ನೊಬ್ಬರು ಕೂರಬಹುದು. ನಮ್ಮ ಟಾಪ್ ಬಾಕ್ಸ್ ಅಳತೆಯಲ್ಲಿ ಪಾಸಾಗಿ, ಆ ನಾಲ್ಕು ಬೆರಳಿನಲ್ಲಿ ಫೇಲಾಗಿತ್ತು. ಇನ್ನು ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಆದ್ದರಿಂದ ಬೈಕಿನ ಮೂಲ ಫ್ರೇಮಿಗೆ ಎಲ್ಲಿಯೂ ಬೆಸುಗೆ ತಾಗಿಸದೆ, ನಟ್ಟು ಬೋಲ್ಟಿನಲ್ಲೇ ಬಿಚ್ಚಿ ಹಾಕುವಂತೆ ಇರಬೇಕೆಂದು ಮುಂದಿನ ಕೆಲಸಕ್ಕೆ ನಾವೇ ಕಟ್ಟುಪಾಡು ಹಾಕಿಕೊಂಡೆವು.

ಎರಡನೆಯ ವಿನ್ಯಾಸ

ಈ ಸಲ ಇಪ್ಪತ್ತು ಕಿಲೋದಿಂದ ಲೆಕ್ಕ ಶುರುವಾಯಿತು. ಲೋಹದ ಪೆಟ್ಟಿಗೆಗಳನ್ನು ಕೈಬಿಡುವುದು ಸವಾರರಿಗೆ ಸುಲಭವಾಗಿರಲಿಲ್ಲ. ಬೀಗ ಹಾಕಬಹುದಾದ ಪೆಟ್ಟಿಗೆಯ ನೆಮ್ಮದಿ ಬೇರೆ, ಹಾಕಿದ ದುಡ್ಡಿನ ಸಂಕಟವೂ ಬೇರೆ. ಟಾಪ್ ಬಾಕ್ಸ್ ಮಾತ್ರ ಉಳಿಸಿಕೊಳ್ಳೋಣವೇ ಎಂದು ಎರಡು ದಿನ ಚರ್ಚೆ ನಡೆಯಿತು. ಕೊನೆಗೆ ಗೆದ್ದದ್ದು ಮಿಲ್ಲಿನಲ್ಲಿ ಬರೆದುಕೊಂಡ ಆ ಚೀಟಿ.

ಮೂರೂವರೆ ಕಿಲೋದ ತೆಳು ಚೌಕಟ್ಟನ್ನು ಅದೇ ಅಂಗಡಿಯಲ್ಲಿ ಮಾಡಿಸಿದೆವು. ಮೊದಲಿನದಕ್ಕೆ ಪ್ರತಿ ಬದಿಯಲ್ಲೂ ಬೈಕಿಗೆ ಬಿಗಿಯುವ ಎರಡೇ ಹಿಡಿತಗಳಿದ್ದವು, ಎರಡೂ ಬದಿಗಳು ಒಂದಕ್ಕೊಂದು ಸಂಬಂಧವಿಲ್ಲದೆ ತಮ್ಮಷ್ಟಕ್ಕೆ ನಡುಗುತ್ತಿದ್ದವು. ಹೊಸದರಲ್ಲಿ ಪ್ರತಿ ಬದಿಗೆ ಮೂರು ಹಿಡಿತ ಕೊಟ್ಟು, ನಂಬರ್ ಪ್ಲೇಟಿನ ಹಿಂದೆ ಒಂದು ಅಡ್ಡಕಂಬಿ ಹಾಕಿ ಎಡ ಬಲಗಳನ್ನು ಕಟ್ಟಿದೆವು. ಕೊಳವೆ ಮೊದಲಿಗಿಂತ ತೆಳುವಾದರೂ ಚೌಕಟ್ಟು ಗಟ್ಟಿಯಾದದ್ದು ಮೂರು ಹಿಡಿತಗಳ ಈ ತ್ರಿಕೋನಗಳಿಂದ. ಸೀರೆ ಗಾರ್ಡ್ ಮರಳಿ ತನ್ನ ಜಾಗಕ್ಕೆ ಬಂದಿತು, ಚೌಕಟ್ಟನ್ನು ಬುಷ್ (ನಡುವೆ ಅಂತರ ಕೊಡುವ ಚಿಕ್ಕ ಕೊಳವೆ) ಕೊಟ್ಟು ಅದರಿಂದಾಚೆ ಸರಿಸಲಾಯಿತು. ನಡುಕಕ್ಕೆ ಸಡಿಲವಾಗದಂತೆ ನೈಲಾನ್ ಬಳೆಯಿರುವ ನಟ್ಟುಗಳನ್ನೇ ಹಾಕಿಸಿದೆವು.

ಚೌಕಟ್ಟಿನ ಮೇಲೆ ಎರಡು ಬಟ್ಟೆಯ ಚೀಲ, ತಲಾ 24 ಲೀಟರ್, ಎರಡೂ ಸೇರಿ 3 ಕಿಲೋ. ಈ ಸಲ ಸೈಲೆನ್ಸರಿಗೂ ಚೀಲಕ್ಕೂ ನಡುವೆ ಕಂಬಿಯೂ ತಗಡಿನ ಮರೆಯೂ ಇದ್ದವು. ಹಿಂಬದಿ ಸೀಟಿನ ಹಿಂದೆ ಒಂದು ಚಿಕ್ಕ ಚೀಲ, ಪೆಟ್ರೋಲ್ ಟ್ಯಾಂಕಿನ ಮೇಲೆ ಒಂದು ಬ್ಯಾಗ್, ತಲಾ ಒಂದು ಕಿಲೋ. ಚೌಕಟ್ಟು ಚೀಲ ಎಲ್ಲ ಸೇರಿ 8.5 ಕಿಲೋ, ಸಾಮಾನಿಗೆ ಉಳಿದದ್ದು 11.5.

ಅತಿ ಕಷ್ಟದ ಭಾಗ ಇಪ್ಪತ್ತೆಂಟನ್ನು ಹನ್ನೊಂದೂವರೆ ಮಾಡುವುದಾಗಿತ್ತು. ಅಡುಗೆಮನೆಯ ತಕ್ಕಡಿ ತಂದು ಒಂದೊಂದನ್ನೂ ತೂಗಿದೆವು. ಹೊಸಪೇಟೆಯ ಬೀಗರ ಮನೆಗೆಂದು ಕಟ್ಟಿದ್ದ ತೊಗರಿಬೇಳೆಯೇ 5 ಕಿಲೋ ಇತ್ತು. ಬರಿಗೈಲಿ ಬೀಗರ ಮನೆಗೆ ಹೋಗುವುದುಂಟೇ ಎಂದು ಮನೆಯ ಹಿರಿಯರು ಪಟ್ಟು ಹಿಡಿದರು. ಸರ್ಕಾರಿ ಬಸ್ಸಿನಲ್ಲಿ ಪಾರ್ಸೆಲ್ ಕಳಿಸಿದ ಮೇಲೆ ಆ ವಾದ ತಣ್ಣಗಾಯಿತು, ಬೇಳೆ ಇವರಿಗಿಂತ ಮುಂಚೆ ಹೊಸಪೇಟೆ ಸೇರಿತು. ಬಟ್ಟೆ 8 ಕಿಲೋದಿಂದ ಮೂರೂವರೆಗೆ ಇಳಿಯಿತು, ದಾರಿಯಲ್ಲಿ ಒಗೆದುಕೊಳ್ಳುವ ಷರತ್ತಿನ ಮೇಲೆ. ನೀರು 3 ಲೀಟರಿನಿಂದ ಒಂದಕ್ಕೆ, ಉಪಕರಣ ಐದೂವರೆಯಿಂದ 3 ಕಿಲೋಗೆ. ತಿನಿಸು 3 ಕಿಲೋ ಇದ್ದದ್ದು ಒಂದೂವರೆಗೆ ಬಂತು. ಮಳೆಯ ಜಾಕೆಟ್ ಮಾತ್ರ ಹಾಗೆಯೇ ಉಳಿಯಿತು, ಕ್ಯಾಮೆರಾದ ಚೀಲ ಅರ್ಧವಾಯಿತು.

ಯಾವುದನ್ನು ಎಲ್ಲಿ ಇಡಬೇಕೆಂಬುದರಲ್ಲಿ ಕಟಕ್ ರೊಟ್ಟಿ (ಒಣಗಿಸಿದ ಗರಿಗರಿ ರೊಟ್ಟಿ) ನಮಗೆ ಒಳ್ಳೆಯ ಉದಾಹರಣೆಯಾಯಿತು. ಅದು ಜಾಗ ತಿನ್ನುತ್ತದೆ, ತೂಗುವುದಿಲ್ಲ. ಹಾಗಾಗಿ ಹಿಂದಿನ ಚಿಕ್ಕ ಚೀಲಕ್ಕೆ ರೊಟ್ಟಿ, ಶೇಂಗಾ ಹಿಂಡಿ ಮತ್ತು ಮಳೆಯ ಜಾಕೆಟ್. ಪಾನಾ, ಟ್ಯೂಬು, ಪಂಪು ಇದ್ದ ಭಾರದ ಗಂಟು ಮುಂದಿನ ಕ್ರ್ಯಾಶ್ ಗಾರ್ಡಿನ ಕೆಳಭಾಗಕ್ಕೆ ಹೋಯಿತು. ನೀರು ಮತ್ತು ಬಟ್ಟೆ ಬದಿಯ ಚೀಲಗಳಲ್ಲಿ, ಎರಡೂ ಕಡೆ ಸಮತೂಕವಾಗಿ. ಹಿಂದಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗನ್ನು ಎರಡನೆಯ ಹಂತದಿಂದ ನಾಲ್ಕಕ್ಕೆ ಬಿಗಿದು, ಕೈಪಿಡಿ ಇಬ್ಬರಿಗೆ ಹೇಳಿದಷ್ಟು ಗಾಳಿ ತುಂಬಿಸಿ, ಇಬ್ಬರೂ ಕೂತಾಗ ಚೈನ್ ತೀರ ಬಿಗಿಯಾಗುವುದಿಲ್ಲವೇ ಎಂದು ನೋಡಿ, ಹಿಂಭಾರಕ್ಕೆ ಮೇಲಕ್ಕೆದ್ದಿದ್ದ ಹೆಡ್‌ಲೈಟಿನ ಬೆಳಕನ್ನು ಕೆಳಗಿಳಿಸಿದೆವು.

ಮಿಲ್ಲಿನ ಕಾಂಟಾದ ಮೇಲೆ ಎರಡನೆಯ ಸಲ: ಮುಂದೆ 122, ಹಿಂದೆ 237, ಒಟ್ಟು 359. ಮುಂದಿನ ಚಕ್ರದ ಪಾಲು ಶೇಕಡಾ 29ರಿಂದ 34ಕ್ಕೆ ಏರಿತ್ತು.

ಫಲಿತಾಂಶ

ಒಂಬತ್ತು ದಿನಗಳ ಪ್ರವಾಸ ನಡೆಯಿತು. ಜೇವರ್ಗಿಯಿಂದಾಚೆ ಎರೆನೆಲದ ಮೇಲೆ ಹಾಯುವ ರಸ್ತೆಗಳು ಮಳೆಗಾಲದಲ್ಲಿ ಮಣ್ಣು ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಅಲೆಯಲೆಯಾಗಿ ಏರಿಳಿಯುತ್ತವೆ. ಅಲ್ಲಿ ಗಂಟೆಗೆ 80ರಲ್ಲೂ ಹ್ಯಾಂಡಲ್ ನೆಟ್ಟಗಿತ್ತೆಂದು ಸವಾರರು ಬರೆದಿಟ್ಟಿದ್ದಾರೆ. ಚೌಕಟ್ಟಿನಲ್ಲಿ ಬಿರುಕು ಕಾಣಲಿಲ್ಲ, ಬಾದಾಮಿಯಲ್ಲಿ ಒಂದು ಬೋಲ್ಟ್ ಅರ್ಧ ಸುತ್ತು ಬಿಗಿಯಬೇಕಾಯಿತು. ಎಲ್ಲವೂ ಸರಿಹೋಯಿತೆಂದಲ್ಲ. ಬಟ್ಟೆಯ ಚೀಲಕ್ಕೆ ಬೀಗವಿಲ್ಲದ್ದರಿಂದ ಹಂಪಿಯಲ್ಲಿ ಇಬ್ಬರೂ ಒಟ್ಟಿಗೆ ಗುಡಿ ನೋಡಲಾಗದೆ ಒಬ್ಬರು ಬೈಕಿನ ಬಳಿ ನಿಲ್ಲಬೇಕಾಯಿತು, ಮರುದಿನದಿಂದ ಚೀಲಗಳನ್ನು ತಂಗಿದಲ್ಲೇ ಬಿಟ್ಟು ಹೊರಟರು. ರೊಟ್ಟಿ ಮೂರನೆಯ ದಿನಕ್ಕೆ ಪುಡಿಯಾಗಿ, ಅದನ್ನು ಮೊಸರಿಗೆ ಕಲಸಿಕೊಂಡು ತಿಂದರಂತೆ.

ಈ ಪ್ರಕರಣವನ್ನು ಓದಿ ತಮ್ಮ ಬೈಕಿಗೆ ಇಂಥದ್ದೇ ಕೆಲಸ ಮಾಡಿಸಲು ಹೊರಟವರಿಗೆ ನಮ್ಮ ಅಂಕಿಗಳು ನೇರವಾಗಿ ಒಪ್ಪುವುದಿಲ್ಲ. ಬೈಕು ಬೇರೆಯಾದರೆ ಕೈಪಿಡಿಯ ಮಿತಿ ಬೇರೆ, ಕೂರುವವರ ತೂಕ ಬೇರೆ. ಒಬ್ಬರೇ ಸವಾರಿ ಮಾಡುವವರಿಗೆ ನಾವು ತ್ಯಜಿಸಿದ ಲೋಹದ ಪೆಟ್ಟಿಗೆಗಳೇ ಯೋಗ್ಯವಿರಬಹುದು, ಹಿಂದೆ ಕೂರುವವರ ತೂಕ ಇಲ್ಲದಿದ್ದರೆ ಬದಿಯ ಪೆಟ್ಟಿಗೆಗಳು ಮಿತಿಯೊಳಗೇ ಬರುತ್ತವೆ. ಆದರೆ ವೆಲ್ಡಿಂಗ್ ಅಂಗಡಿಗೆ ಅಳತೆ ಕೊಡುವ ಮುನ್ನ ಕೈಪಿಡಿ ತೆರೆಯುವುದೂ ಕಾಂಟಾ ಹತ್ತುವುದೂ ಯಾರಿಗೂ ತಪ್ಪಿದ್ದಲ್ಲ, ನಾವು ಆ ಕ್ರಮವನ್ನು ತಿರುವುಮುರುವು ಮಾಡಿ ಸುಮಾರು ಹದಿನೈದು ಸಾವಿರ ರೂಪಾಯಿ ಕಳೆದುಕೊಂಡೆವು.

ಒಡೆದ ಕೊಳವೆಯ ತುಂಡನ್ನು ಅಂಗಡಿಯವರು ಕೇಳಿ ತರಿಸಿಕೊಂಡರು. ಈಗ ಅವರು ಮಾಡುವ ಪ್ರತಿ ಚೌಕಟ್ಟಿಗೂ ಮೂರನೆಯ ಹಿಡಿತ ಮತ್ತು ಅಡ್ಡಕಂಬಿ ಇರುತ್ತವೆ, ಸೀರೆ ಗಾರ್ಡ್ ಬಿಚ್ಚುವುದಿಲ್ಲ. ಚೌಕಟ್ಟು ಇಷ್ಟೇ ಕಿಲೋ ಹೊರಬೇಕೆಂದು ಅದರ ಮೇಲೆ ಬಣ್ಣದಲ್ಲಿ ಬರೆಯಿರೆಂದು ನಾನು ಕೇಳುತ್ತಲೇ ಇದ್ದೇನೆ. “ಬರದ್ರ ಗಿರಾಕಿ ಬಾಜೂ ಅಂಗಡಿಗಿ ಹೋಗ್ತಾರ ಸರ್” ಎಂದು ಅವರು ಪ್ರತಿ ಸಲವೂ ನಕ್ಕು ಚಹಾ ತರಿಸುತ್ತಾರೆ.